ರಾಜಾ ಕೂಗಿದ ಬೆಳಗು

ನಮ್ಮೂರಿಗೆ ಆಗಿನ್ನೂ ಮೋಟಾರು ಬಂದಿರಲಿಲ್ಲ. ಗೋಕಾಕದ ಸಂತೆಗೆ ಹೋಗಲು ನಸುಕಿನಲ್ಲೇ ಚಕ್ಕಡಿ ಹೂಡಬೇಕಿತ್ತು. ಮಮದಾಪುರದ ಆಚೆಯ ಗುಡ್ಡದ ಮೇಲೆ ಅಡವಿ ಅನ್ನಿಸುವಷ್ಟು ಅಡವಿ ಇತ್ತು, ಅದರ ತುಂಬ ಹಕ್ಕಿಗಳಿದ್ದವು. ಯಾವ ಹಕ್ಕಿ ಹೇಗೆ ಕೂಗುತ್ತದೆಂದು ನನಗೆ ಕಲಿಸಿದವನು ಅಪ್ಪನ ತಮ್ಮ, ನಮ್ಮ ಕಾಕಾ. ಒಂಬತ್ತು ವರ್ಷದ ನನಗೆ ಅವನ ಮಾತೆಂದರೆ ದೇವರ ಮಾತು.

ಹಿಂದಿನ ಮಳೆಗಾಲದಲ್ಲಿ ಅವನೊಂದು ಕೌಜುಗ ಹಕ್ಕಿಯ ಮರಿಯನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಬಂದಿದ್ದ. "ತಗೋ ಗಂಗೂ, ತಾಯಿಲ್ಲದ ಕೂಸು. ನೀನ ಇದರ ಅವ್ವ ಆಗು" ಅಂದ. ಆದೆ. ಗೆದ್ದಲು ಹುಡುಕಿ ತಿನ್ನಿಸಿದೆ, ನವಣೆ ಹಾಕಿದೆ, ರಾಜಾ ಎಂದು ಹೆಸರಿಟ್ಟೆ. ಬೇಸಿಗೆಯ ಹೊತ್ತಿಗೆ ಅದು ಮನೆತುಂಬ ನನ್ನ ಹಿಂದೆಯೇ ಓಡುತ್ತಿತ್ತು. ಮುಂಜಾನೆ ಎದೆ ಉಬ್ಬಿಸಿ ಕೂಗಿ ಓಣಿಯನ್ನೆಲ್ಲ ಎಬ್ಬಿಸುತ್ತಿತ್ತು.

ಮಿರಗದ ಮಳೆಗೆ ಇನ್ನೆಂಟು ದಿನವಿರುವಾಗ ಕಾಕಾ ಅಂದ: "ನಾಳೆ ಎಲ್ಲಾರೂ ಅಡವಿಗೆ ಹೋಗೂಣು, ಹಕ್ಕಿ ನೋಡೂಣು. ರಾಜಾನ್ನೂ ತಗೊಂಡ ಬಾ. ಪಾಪ, ತನ್ನ ಬಳಗ ನೋಡೇ ಇಲ್ಲ ಅದು."

"ಅದಕ್ಕ ಏನರ ಆದ್ರ?"

"ನಾ ಅದೀನಲ್ಲ, ಯಾಕ ಹೆದರ್ತಿ?"

ಅಪ್ಪ, ಅವ್ವ, ಕಾಕಾ, ನಾನು ಹೊತ್ತು ಮೂಡುವಾಗ ರಾಜಾನನ್ನು ಪಂಜರದಲ್ಲಿಟ್ಟುಕೊಂಡು ಗುಡ್ಡ ಹತ್ತಿದೆವು. ಕವಳಿ ಹಣ್ಣು ತಿಂದು ನನ್ನ ತುಟಿಯೆಲ್ಲ ಅಂಟಂಟು. ಕಾಕಾ ಬೆರಳು ಮಾಡಿ ತೋರಿಸುತ್ತ ಹೋದ: ಅಗೋ ಕೆಂಬೂತ, ಅಗೋ ಮರಕುಟಿಗ, ಸದ್ದು ಮಾಡಬ್ಯಾಡ, ನವಿಲು. ಅಂಥ ಸಂತೋಷ ಆಮೇಲೆ ನನ್ನ ಮದುವೆಯಲ್ಲೂ ಆಗಲಿಲ್ಲ.

ಒಂದು ಬಯಲಿನಲ್ಲಿ ಅವನು ಪಂಜರವನ್ನು ಪೊದೆಯ ಬುಡದಲ್ಲಿಟ್ಟು, ಸುತ್ತಲೂ ಸಣ್ಣ ಸಣ್ಣ ಕಡ್ಡಿ ಊರಿದ. ಯಾಕೆಂದು ಕೇಳಿದರೆ, "ನರಿ ಬರಬಾರದಲ್ಲ, ಅದಕ್ಕ" ಅಂದ. ನಂಬಿದೆ, ದಡ್ಡಿ! ನಾವು ದೂರ ಅಡಗಿ ಕುಳಿತೆವು. ಹೊಸ ಜಾಗಕ್ಕೆ ಬೆದರಿ ರಾಜಾ ಬಾಯಿ ಬಿಡಲಿಲ್ಲ.

"ನೀ ಮಾತಾಡಸು ಗಂಗೂ. ನಿನ್ನ ಮಾತು ಕೇಳತೈತಿ ಅದು" ಅಂದ ಕಾಕಾ.

"ರಾಜಾ, ಕೂಗೋ" ಎಂದೆ. ಕೂಗಿತು. ಅಡವಿಯ ಆ ಕಡೆಯಿಂದ ಇನ್ನೊಂದು ಕೂಗಿತು, ಈ ಕಡೆಯಿಂದ ಮತ್ತೊಂದು. ನೋಡುತ್ತಿದ್ದಂತೆ ಮೂರು ಕೌಜುಗಗಳು ಪಂಜರದತ್ತ ಓಡಿಬಂದವು. ನಾನು ಕಾಕಾನ ಕೈ ಹಿಡಿದು ಅಲುಗಾಡಿಸಿದೆ: "ಬಳಗ ಬಂತು ಕಾಕಾ!"

ಮರುಕ್ಷಣ ರೆಕ್ಕೆ ಬಡಿಯುವ ಸದ್ದು. ಆ ಕಡ್ಡಿಗಳಿಗೆ ಕುದುರೆಯ ಬಾಲದ ಕೂದಲಿನ ಉರುಲು ಕಟ್ಟಿತ್ತು. ಕಾಕಾ ಎದ್ದುಹೋಗಿ ಒಂದೊಂದನ್ನೇ ಬಿಡಿಸಿ ಕತ್ತು ಮುರಿದ. ಪಂಜರದೊಳಗೆ ರಾಜಾ ಇನ್ನೂ ಕೂಗುತ್ತಲೇ ಇತ್ತು.

"ಏನ್ ಮಾಡಾಕತ್ತಿ ಕಾಕಾ!" ಎಂದು ಚೀರಿದೆ.

ಅವನು ನಕ್ಕ. "ಏ ಹುಚ್ಚಿ, ಇದಕ್ಕಲ್ಲೇನು ಸಾಕಿದ್ದು? ಸಾಕಿದ್ದು ಕೂಗಲಿಲ್ಲಂದ್ರ ಅಡವಿಯಾವು ಬರತಾವೇನು?"

ಅವ್ವನ ಹತ್ತಿರ ಓಡಿದೆ. ಅವಳು ಬುತ್ತಿಯ ಗಂಟು ಬಿಚ್ಚಿದ್ದಳು. ರೊಟ್ಟಿ ಇತ್ತು, ಉಪ್ಪು, ಖಾರ, ಎಣ್ಣೆ ಇತ್ತು. ಪಲ್ಯ ಇರಲಿಲ್ಲ.

"ಪಲ್ಯ ಯಾಕ ತಂದಿಲ್ಲ?" ಎಂದೆ.

"ಹಕ್ಕಿ ಅದಾವಲ್ಲ" ಅಂದಳು, ಮುಖ ಎತ್ತದೆ.

ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ನಾನು ಮತ್ತು ರಾಜಾ, ಇಬ್ಬರೇ. ಅಳುತ್ತ ಕಾಕಾನತ್ತ ಕಲ್ಲು ಎಸೆದೆ, ಅಪ್ಪನೂ ನಕ್ಕ. ಮೂರು ಕಲ್ಲಿನ ಒಲೆಯಿಂದ ವಾಸನೆ ಏಳುವ ಹೊತ್ತಿಗೆ ಹಸಿವಾಗಿತ್ತು. ಉಂಡೆ. ಸುಳ್ಳು ಯಾಕೆ ಹೇಳಲಿ, ರುಚಿಯಾಗಿತ್ತು. ಆ ರುಚಿಗಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮರುದಿನ ಹೊಲದಲ್ಲಿ ಪಂಜರದ ಬಾಗಿಲು ತೆಗೆದು "ಹೋಗೋ" ಅಂದೆ. ರಾಜಾ ಹೋಗಲಿಲ್ಲ, ನನ್ನ ಕಾಲು ಸುತ್ತಿತು. ಮಳೆ ಹಿಡಿಯುವವರೆಗೆ ಕಾಕಾ ಅದನ್ನು ಮತ್ತೆ ಮತ್ತೆ ಒಯ್ದ. ಆಮೇಲೆ ಕೂಗಲು ಅದಕ್ಕೆ ನಾನು ಬೇಕಾಗಲಿಲ್ಲ.

ಈಗ ಆ ಗುಡ್ಡದಲ್ಲಿ ಅಡವಿಯಿಲ್ಲ, ಕೌಜುಗದ ಕೂಗೂ ಇಲ್ಲ. ಅದಕ್ಕೆ ಮರುಗುವವರು ಬಹಳ ಮಂದಿ ಇದ್ದಾರೆ. ನಾನು ಕಳೆದುಕೊಂಡದ್ದು ಬೇರೆ. ಕಾಕಾ ಕೊನೆಯ ಜಡ್ಡಿನಲ್ಲಿ ಮಲಗಿದ್ದಾಗ ನೋಡಲು ಹೋಗಿದ್ದೆ. ಆಗ ನನಗೂ ತಲೆ ನರೆತಿತ್ತು. ಹಾಸಿಗೆಯಿಂದ ಕೈ ಚಾಚಿ, "ಬಾರವ್ವ ಗಂಗೂ, ನನ್ನ ಹತ್ರ ಬಾ" ಅಂದ. ನಾನು ಹೊಸ್ತಿಲಲ್ಲಿ ನಿಂತು, ಕಡ್ಡಿ ಊರಿದೆಯೇನೋ ಎಂಬಂತೆ ಮೊದಲು ನೆಲ ನೋಡಿದೆ. ಆಮೇಲೆ ಒಳಗೆ ಹೋಗಿ ಅವನ ಕೈ ಹಿಡಿದೆ ಖರೆ, ಆದರೆ ನಾನು ನೆಲ ನೋಡಿದ್ದನ್ನು ಅವನು ನೋಡಿಬಿಟ್ಟಿದ್ದ.