ವರ್ನಾಳ ಹಜಾರದ ಒಂಬತ್ತನೇ ಹೂವು

ವರ್ನಾ ಹಾಸ್ಕೆಟ್ ಹೊಲಿದ ಹಾಸಿಗೆಯ ಮೇಲೆ ಮಲಗಿದವರಲ್ಲಿ ಒಬ್ಬರೂ ಎದ್ದು ಬಂದು ದೂರು ಹೇಳಿದ್ದಿಲ್ಲ. ಕಾರ್ಬಿನ್ಸ್ ಲ್ಯಾಂಡಿಂಗಿಗೆ ಹೊಸಬರು ಯಾರು ಬಂದರೂ ಅವಳ ಗಂಡ ರಾಯ್ಸ್ ಮೊದಲು ಹೇಳುತ್ತಿದ್ದ ಮಾತು ಇದು. ಅವರು ಕಕ್ಕಾಬಿಕ್ಕಿಯಾದಾಗ, ಹೆಂಡತಿ ಇಪ್ಪತ್ತೇಳು ವರ್ಷ ಶವಪೆಟ್ಟಿಗೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡಿದವಳೆಂದು ಬಿಡಿಸಿ ಹೇಳುತ್ತಿದ್ದ.

ಪೆಟ್ಟಿಗೆಯ ಒಳಮೈಗೆ ನೆರಿಗೆ ಹಿಡಿದ ಸ್ಯಾಟಿನ್, ಮುಚ್ಚಳದ ಒಳಗೆ ಮಖಮಲ್ಲು, ತಲೆಯಡಿಗೆ ಪುಟ್ಟ ದಿಂಬು. ಇಷ್ಟೇ ಕೆಲಸ. ಆದರೆ ಪ್ರತಿ ದಿಂಬಿನ ಕೊನೆಯ ಹೊಲಿಗೆ ಹಾಕುವಾಗಲೂ ವರ್ನಾಳ ತಲೆಯಲ್ಲಿ ಒಂದೇ ಪ್ರಶ್ನೆ: ಇದರ ಮೇಲೆ ತಲೆಯಿಡುವವರು ಯಾರು? ಗಂಡಸೋ ಹೆಂಗಸೋ, ಈಗ ಎಲ್ಲಿದ್ದಾರೆ, ಇವತ್ತು ಬೆಳಿಗ್ಗೆ ಏನು ತಿಂದರು? ಸೇರಿದ ಹೊಸದರಲ್ಲಿ ಒಮ್ಮೆ ಮೇಸ್ತ್ರಿಯನ್ನು ಕೇಳಿಯೂ ಕೇಳಿದ್ದಳು. "ಯಾರಾದ್ರೆ ನಿಂಗೇನಮ್ಮ? ಅವರೇನು ನಿನ್ನ ಕೇಳ್ತಾರಾ?" ಎಂದು ಅವನು ಮುಂದಿನ ಪೆಟ್ಟಿಗೆ ತಳ್ಳಿದ. ಅವಳು ಕೇಳುವುದನ್ನು ಬಿಟ್ಟಳು. ಯೋಚಿಸುವುದನ್ನು ಮಾತ್ರ ಬಿಡಲಾಗಲಿಲ್ಲ.

ಕಾರ್ಖಾನೆ ಮುಚ್ಚಿದ ದಿನ ಉಳಿದ ಬಟ್ಟೆಯ ಥಾನುಗಳನ್ನು ಕೆಲಸದವರಿಗೇ ಹಂಚಿದರು. ಮಿಕ್ಕವರಿಗೆ ಅದು ಬೇಡವಾಗಿತ್ತು. ವರ್ನಾ ಕಪ್ಪು ಮಖಮಲ್ಲು, ಬೂದು ಕ್ರೇಪು, ದಂತದ ಬಣ್ಣದ ಸ್ಯಾಟಿನ್ ಎಲ್ಲವನ್ನೂ ಕಾರಿನಲ್ಲಿ ತುಂಬಿಕೊಂಡು ಬಂದಳು. ಆ ವರ್ಷ ಅಕ್ಟೋಬರ್ ಕೊನೆಯ ದೆವ್ವಗಳ ಹಬ್ಬ ಹ್ಯಾಲೋವೀನಿಗೆ ಅವಳ ಹಜಾರ ಬೇರೆಯೇ ಆಯಿತು.

ಬೀದಿಯ ಉಳಿದ ಮನೆಗಳಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರಗಳು ಕುಣಿಯುತ್ತಿದ್ದವು, ಗುಂಡಿ ಒತ್ತಿದರೆ ಮಾಟಗಾತಿಯರು ಕಿರುಚುತ್ತಿದ್ದರು. ವರ್ನಾಳ ಮನೆಯಲ್ಲಿ ಅದೊಂದೂ ಇರಲಿಲ್ಲ. ಕಿಟಕಿಗಳಿಗೆ ನೆಲ ಮುಟ್ಟುವ ಕಪ್ಪು ಪರದೆ. ಕನ್ನಡಿಯ ಮೇಲೆ ತೆಳುವಾದ ಮುಸುಕು, ಎದುರು ನಿಂತವರ ಮುಖ ಕಂಡೂ ಕಾಣದ ಹಾಗೆ. ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಬಿಳಿಯ ಪುಟ್ಟ ಕುಂಬಳಕಾಯಿಗಳು, ಕರಿ ಮೇಣದಬತ್ತಿಗಳು, ನದಿದಂಡೆಯಿಂದ ಕಡಿದು ತಂದ ಎಲೆಯುದುರಿದ ಕೊಂಬೆಗಳು. ಊಟದ ಮೇಜಿನ ಕುರ್ಚಿಗಳಲ್ಲಿ ಒಂದನ್ನು ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಓರೆಯಾಗಿ ಎಳೆದಿಟ್ಟು, ಅದರ ಮುಂದೆ ಅರ್ಧ ಕುಡಿದ ಟೀ ಬಟ್ಟಲು ಇಡುತ್ತಿದ್ದಳು.

"ಇದರಲ್ಲಿ ಹೆದರೋಕೆ ಏನಿದೆ?" ಎಂದು ಮೊದಲ ವರ್ಷ ರಾಯ್ಸ್ ಕೇಳಿದ.

"ಆ ಕುರ್ಚಿ ನೋಡ್ತಾ ಐದು ನಿಮಿಷ ಒಬ್ಬನೇ ಕೂತ್ಕೋ."

ಅವನು ಕೂತ. ಮೂರನೇ ನಿಮಿಷಕ್ಕೆ ಎದ್ದು ದೀಪ ಹಾಕಿದ. "ಯಾರ್ದು ಕಣೇ ಆ ಟೀ?"

"ನೋಡಿದ್ಯಾ? ಅದೇ ನಂಗೆ ಬೇಕಾಗಿದ್ದು," ಎಂದು ವರ್ನಾ ನಕ್ಕಳು.

ಅಲ್ಲಿಂದ ಪ್ರತಿ ಅಕ್ಟೋಬರಿನಲ್ಲೂ ಅವಳ ಹಜಾರ ನೋಡಲು ಜನ ಬರತೊಡಗಿದರು. ಹಬ್ಬದ ಸಂಜೆ ವೇಷ ಹಾಕಿದ ಮಕ್ಕಳು ಬೇರೆ ಮನೆಗಳ ಬಾಗಿಲಲ್ಲೇ ಮಿಠಾಯಿ ಇಸಕೊಂಡು ಓಡಿದರೆ, ಇಲ್ಲಿ ಪಿಸುಮಾತಾಡುತ್ತ ಒಳಗೆ ಬಂದು ಒಂದು ಸುತ್ತು ಹಾಕಿ ಹೋಗುತ್ತಿದ್ದರು.

ಆರನೆಯ ವರ್ಷ, ಸೆಪ್ಟೆಂಬರಿನಲ್ಲಿ, ವಾಲ್ನಟ್ ಬೀದಿಯ ಇಟ್ಟಿಗೆ ಮನೆಯೊಂದರಲ್ಲಿ ತೀರಿಹೋದ ಮುದುಕಿಯೊಬ್ಬಳ ಸಾಮಾನು ಮಾರಾಟಕ್ಕಿತ್ತು. ವರ್ನಾ ಬೆಳ್ಳಿಯ ದೀಪದ ಕಂಬ ಹುಡುಕಿಕೊಂಡು ಹೋಗಿದ್ದಳು. ಮನೆಗೆ ತಂದದ್ದು ಮಾತ್ರ ಒಂದು ಆಳವಾದ ಗಾಜಿನ ಚೌಕಟ್ಟು. ಒಳಗೆ ಕುದುರೆಲಾಳದ ಆಕಾರದಲ್ಲಿ ಬಾಗಿದ ಹೂಗೊಂಚಲು. ಕಂದು, ಕೆಂಚು, ನೆರೆತ ಬಿಳಿ, ಮೆಕ್ಕೆಜೋಳದ ತೆನೆಯ ರೇಷ್ಮೆ ಎಳೆಯಂಥ ಹಳದಿ. ಒಂದೊಂದು ಹೂವೂ ಒಂದೊಂದು ಬಣ್ಣ.

ರಾಯ್ಸ್ ನದಿಯಲ್ಲಿ ಸರಕಿನ ದೋಣಿಗಳನ್ನು ತಳ್ಳುವ ಬೋಟಿನಲ್ಲಿ ಅಡುಗೆಯವನು. ನಾಲ್ಕು ವಾರ ನೀರಿನ ಮೇಲೆ, ನಾಲ್ಕು ವಾರ ಮನೆಯಲ್ಲಿ. ಆಗ ಮನೆಯಲ್ಲಿದ್ದ. ಒಲೆಯ ಮುಂದಿನಿಂದಲೇ ಇಣುಕಿದ. "ಒಣಗಿದ ಹೂವಾ?"

"ಅಲ್ಲ ಕಣೋ. ಕೂದಲು. ಹಿಂದೆಲ್ಲ ಮನೆಯವರ ಕೂದಲಲ್ಲಿ ಹೀಗೆ ಹೂವು ಹೆಣೆದು ನೆನಪಿಗೆ ಇಡ್ತಿದ್ರು."

"ಯಾರ್ದು?"

"ಅದೇ ಗೊತ್ತಾಗ್ಬೇಕು."

ರಾಯ್ಸ್ ಸೌಟು ಕೆಳಗಿಟ್ಟ. "ನೋಡು ವರ್ನಾ, ಹೆಣದ ಬಟ್ಟೇಲಿ ಪರದೆ ಹೊಲಿದೆ, ಸುಮ್ನಿದ್ದೆ. ಈಗ ಕೂದಲು ತಂದೆ. ಮುಂದಿನ ವರ್ಷ ಹಲ್ಲು ತರ್ತೀಯೇನು?"

"ಒಳ್ಳೇದು ಸಿಕ್ಕಿದ್ರೆ ತರ್ತೀನಿ."

ಗಾಜು ಒರೆಸಲು ಚೌಕಟ್ಟಿನ ಹಿಂಬದಿಯನ್ನು ಬಿಚ್ಚಿದಾಗ ಮಡಿಸಿದ ಕಾಗದವೊಂದು ಜಾರಿ ಬಿತ್ತು. ಪೆನ್ಸಿಲಿನಲ್ಲಿ ಬರೆದ ಪಟ್ಟಿ. ಒಂದರಿಂದ ಹದಿನಾಲ್ಕರವರೆಗೆ ಅಂಕಿ, ಪ್ರತಿ ಅಂಕಿಯ ಮುಂದೆ ಒಂದು ಹೆಸರು. ಹೂಗಳ ಕಾಂಡಕ್ಕೂ ಉಗುರಿನಷ್ಟು ಅಗಲದ ಅಂಕಿಯ ಚೀಟಿಗಳಿದ್ದವು. ಒಂದನೆಯವಳು ಟ್ಯಾಬಿತಾ ಕಾಟ್ರೆಲ್, ಅವಳೇ ಹೆಣೆದವಳಿರಬೇಕು. ಒಂಬತ್ತರ ಮುಂದೆ ಮಾತ್ರ ಏನೂ ಇರಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಅಲ್ಲಿ ಕಾಗದ ಸವೆದು ತೆಳುವಾಗಿತ್ತು. ಬರೆದಿದ್ದನ್ನು ಯಾರೋ ಉಜ್ಜಿ ಅಳಿಸಿದ್ದರು.

ಆ ಒಂಬತ್ತನೆಯದೇ ಎಲ್ಲಕ್ಕಿಂತ ದೊಡ್ಡ ಹೂವು. ಗೊಂಚಲಿನ ನಟ್ಟನಡುವೆ, ಕಪ್ಪಗೆ, ಒರಟಾಗಿ, ಎದೆಯುಬ್ಬಿಸಿ ನಿಂತಿತ್ತು.

ವರ್ನಾಳಿಗೆ ಅಂದಿನಿಂದ ನಿದ್ದೆ ಸರಿಯಾಗಿ ಹತ್ತಲಿಲ್ಲ. ಹೆಸರು ಅಳಿಸುವಷ್ಟು ಸಿಟ್ಟಿದ್ದರೆ ಹೂವನ್ನು ಯಾಕೆ ಉಳಿಸಿದರು? ಉಳಿಸುವಷ್ಟು ಪ್ರೀತಿಯಿದ್ದರೆ ಹೆಸರನ್ನು ಯಾಕೆ ಅಳಿಸಿದರು? ರಾಯ್ಸ್ ದಿನಕ್ಕೊಂದು ಊಹೆ ಎಸೆಯುತ್ತಿದ್ದ. ಗಲ್ಲಿಗೇರಿದ ಭಾವಮೈದುನ ಎಂದ. ಮನೆಬಿಟ್ಟು ಓಡಿಹೋದ ಮಗಳು ಎಂದ. "ಟ್ಯಾಬಿತಾಗೆ ಯಾರೋ ಕರಿಗೂದಲ ನಾವಿಕ ಇದ್ದ, ಗಂಡನ ಕೈಗೆ ಸಿಕ್ಕಿಬಿದ್ಲು ಅಂತೀನಿ," ಎಂದು ಕೊನೆಗೊಂದು ದಿನ ಈರುಳ್ಳಿ ಹೆಚ್ಚುತ್ತ ತೀರ್ಪು ಕೊಟ್ಟ.

ವರ್ನಾ ಊಹೆಗೆ ಬಗ್ಗುವವಳಲ್ಲ. ಗ್ರಂಥಾಲಯದ ಹಳೆ ದಾಖಲೆಗಳ ಕೋಣೆಯಲ್ಲಿ ಎರಡು ಮಧ್ಯಾಹ್ನ ಕೂತಳು. ಕಾಟ್ರೆಲ್ ಮನೆಯವರು ನದಿ ದಾಟಿಸುವ ದೋಣಿ ನಡೆಸುತ್ತಿದ್ದರೆಂದು ತಿಳಿಯಿತು. ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋಗಿ, ಕಲ್ಲುಗಳ ಪಾಚಿ ಕೆರೆದು, ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಹುಡುಕಿದಳು. ಹದಿಮೂರೂ ಸಿಕ್ಕವು. ಒಂಬತ್ತನೆಯವರದಿರಬಹುದು ಎನ್ನುವಂಥ ಇನ್ನೊಂದು ಕಾಟ್ರೆಲ್ ಗೋರಿ ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಅಕ್ಟೋಬರ್ ಬಂತು. ಚೌಕಟ್ಟನ್ನು ಅಗ್ಗಿಷ್ಟಿಕೆಯ ಮೇಲೆ ತೂಗುಹಾಕಿ ಎರಡು ಬದಿಗೆ ಮೇಣದಬತ್ತಿ ಹಚ್ಚಿದಳು. ಗಾಜಿನ ಹಿಂದೆ ಹೂಗಳು ಉಸಿರಾಡಿದಂತೆ ಕಂಡವು. ಅಷ್ಟು ಚೆಂದದ ಭಯವನ್ನು ಆ ಹಜಾರ ಅದುವರೆಗೆ ಕಂಡಿರಲಿಲ್ಲ.

ಊರಲ್ಲಿ ಉಳಿದಿದ್ದ ಕಾಟ್ರೆಲ್ ಒಬ್ಬನೇ: ಫ್ರಂಟ್ ಬೀದಿಯ ಕ್ಷೌರಿಕ ಓರಿನ್. ಎಂಬತ್ತೊಂದು ವರ್ಷ, ಈಗಲೂ ವಾರಕ್ಕೆ ಮೂರು ದಿನ ಅಂಗಡಿ ತೆಗೆಯುತ್ತಿದ್ದ. ಸುಮ್ಮನೆ ಹೋಗಿ ಕೇಳಲು ವರ್ನಾಳಿಗೆ ಧೈರ್ಯ ಸಾಲಲಿಲ್ಲ. ರಾಯ್ಸನಿಗೆ ಕೂದಲು ಬೆಳೆದಿದೆ ಎಂದು ನೆಪ ತೆಗೆದಳು.

"ಬೆಳೆದಿದ್ಯಾ? ಹೋದ ವಾರ ತಾನೇ ಕತ್ತರಿಸಿದ್ದು!"

"ಬೇಗ ಬೆಳೀತು. ನಡಿ."

ಓರಿನ್ ಬಿಳಿ ಬಟ್ಟೆ ಹೊದಿಸಿ, ರಾಯ್ಸನ ತಲೆಯನ್ನು ಒಂದು ಸುತ್ತು ನೋಡಿದ. "ಏನು ತೆಗೀಲಪ್ಪಾ ಇದರಲ್ಲಿ? ತಲೆಯನ್ನೇ ತೆಗೀಬೇಕು ಅಷ್ಟೆ."

ವರ್ನಾ ಗೋಡೆಯ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕೈಚೀಲದಿಂದ ಕಾಗದ ತೆಗೆದಳು. "ಕಾಟ್ರೆಲ್ ಅವರೇ, ನಿಮ್ಮ ಮನೆತನದಲ್ಲಿ ಟ್ಯಾಬಿತಾ ಅಂತ ಯಾರಾದ್ರೂ ಇದ್ರಾ?"

ಕತ್ತರಿ ನಿಂತಿತು. "ನನ್ನ ತಾತನ ತಾಯಿ. ಯಾಕಮ್ಮ?"

ಅವಳು ಹೇಳಿದಳು. ಇಟ್ಟಿಗೆ ಮನೆ, ಚೌಕಟ್ಟು, ಪಟ್ಟಿ, ಗೋರಿಗಳು, ಎಲ್ಲ. ಓರಿನ್ ಕನ್ನಡಿಯಲ್ಲೇ ಅವಳನ್ನು ನೋಡುತ್ತಿದ್ದ.

"ಈಗ ಎಲ್ಲಿದೆ ಅದು?"

"ನಮ್ಮ ಹಜಾರದಲ್ಲಿ. ಅಗ್ಗಿಷ್ಟಿಕೆ ಮೇಲೆ."

"ಹ್ಯಾಲೋವೀನಿಗೆ?"

ವರ್ನಾಳ ಕಿವಿ ಬಿಸಿಯಾಯಿತು. "ಹೌದು."

"ನಮ್ಮ ಮುತ್ತಜ್ಜಿ ಕೂದಲನ್ನ. ಮಕ್ಕಳನ್ನ ಹೆದರಿಸೋಕೆ."

ಅವನು ಸರಸರನೆ ಕತ್ತರಿ ಆಡಿಸಿದ. ಕೆಲಸ ಮುಗಿಸಿ ಬಟ್ಟೆ ಕೊಡವಿ, ಹಿಂದಿನ ಕೋಣೆಗೆ ಹೋಗಿಬಿಟ್ಟ. ಬೀದಿಗೆ ಬಂದ ಮೇಲೆ ರಾಯ್ಸ್ ಕಿವಿಯ ಹತ್ತಿರ ಮುಟ್ಟಿ ನೋಡಿಕೊಂಡ. "ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ನಿನ್ನ ಪತ್ತೇದಾರಿಕೆಗೆ ನನ್ನ ತಲೆ ಹೋಯ್ತು."

ವರ್ನಾ ನಗಲಿಲ್ಲ. ಮನೆಗೆ ಬಂದವಳೇ ಚೌಕಟ್ಟನ್ನು ಇಳಿಸಿದಳು. ಇಪ್ಪತ್ತೇಳು ವರ್ಷ ಮುಖ ಕಾಣದ ಸತ್ತವರಿಗಾಗಿ ಹೊಲಿದು, ಅವರು ಯಾರೋ ಎಂದು ಹಂಬಲಿಸಿದವಳು ತಾನು. ಹದಿಮೂರು ಮಂದಿ ಹೆಸರು ಸಮೇತ ಮನೆಗೆ ಬಂದರೆ, ಅವರನ್ನು ಕುಂಬಳಕಾಯಿಯ ಪಕ್ಕದಲ್ಲಿ ಅಲಂಕಾರಕ್ಕೆ ನಿಲ್ಲಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಉಳಿದಿದ್ದ ಸ್ಯಾಟಿನ್ ಬಟ್ಟೆಯಲ್ಲಿ ಚೌಕಟ್ಟನ್ನು ಸುತ್ತಿ, ಹಬ್ಬ ಕಳೆದ ಮೇಲೆ ಓರಿನ್‌ಗೆ ಒಪ್ಪಿಸುವುದೆಂದು ಕಪಾಟಿನಲ್ಲಿಟ್ಟಳು. ಅಗ್ಗಿಷ್ಟಿಕೆಯ ಮೇಲೆ ಬರಿ ಮೊಳೆ ಉಳಿಯಿತು.

ಹಬ್ಬದ ದಿನ ಮಧ್ಯಾಹ್ನ ಮೂರೂವರೆಗೆ ಬಾಗಿಲು ಬಡಿದ ಸದ್ದಾಯಿತು. ಮಕ್ಕಳು ಬರುವ ಹೊತ್ತು ಅದಲ್ಲ. ತೆಗೆದರೆ, ಕಪ್ಪು ಸೂಟು ಹಾಕಿಕೊಂಡು, ಬಿಳಿ ಕೂದಲನ್ನು ನೀರು ಹಚ್ಚಿ ಬಾಚಿಕೊಂಡು ಓರಿನ್ ಕಾಟ್ರೆಲ್ ನಿಂತಿದ್ದ. ಒಳಗೆ ಬಂದು ಹಜಾರದ ನಡುವೆ ನಿಂತ. ಪರದೆ ನೋಡಿದ, ಮುಸುಕಿನ ಕನ್ನಡಿ ನೋಡಿದ, ಓರೆಯಾಗಿ ಎಳೆದ ಕುರ್ಚಿಯನ್ನೂ ಟೀ ಬಟ್ಟಲನ್ನೂ ಬಹಳ ಹೊತ್ತು ನೋಡಿದ.

"ನಾನು ಏನೋ ಅಂದ್ಕೊಂಡಿದ್ದೆ," ಎಂದ. "ರಬ್ಬರ್ ಇಲಿ, ಕೆಂಪು ಬಣ್ಣ, ಆ ಥರ. ಎಲ್ಲಮ್ಮ ಅದು?"

"ಸುತ್ತಿಟ್ಟಿದ್ದೀನಿ. ನಿಮಗೆ ಕೊಡೋಣ ಅಂತ. ನನ್ನಿಂದ ತಪ್ಪಾಯ್ತು, ಕಾಟ್ರೆಲ್ ಅವರೇ."

"ತಪ್ಪು ಗಿಪ್ಪು ಆಮೇಲೆ. ಮೊದ್ಲು ತಂದು ಹಾಕು. ಎಪ್ಪತ್ತು ವರ್ಷ ಆಯ್ತು ನಾನು ನೋಡಿ. ತಾತ ಸತ್ತ ಮೇಲೆ ಮನೇಲಿ ಜಗಳ ಆಗಿ ಅದು ಚಿಕ್ಕಮ್ಮನ ಕಡೆ ಹೋಯ್ತು, ಆಮೇಲೆ ಕಣ್ಣಿಗೆ ಬೀಳಲಿಲ್ಲ."

ರಾಯ್ಸ್ ಚೌಕಟ್ಟನ್ನು ತಂದು ಮೊಳೆಗೆ ಹಾಕಿದ. ಓರಿನ್ ಕನ್ನಡಕ ಏರಿಸಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದ. ನಡುವಿನ ಕಪ್ಪು ಹೂವಿನ ಮೇಲೆ ಬೆರಳಿಟ್ಟ.

"ಇದು ಯಾರು ಅಂತ ಗೊತ್ತಾಗ್ಲಿಲ್ಲ ಅಲ್ವಾ ನಿನಗೆ?"

"ಇಲ್ಲ."

"ಎಷ್ಟು ವರ್ಷ ಹೊಲಿದೆ ಪೆಟ್ಟಿಗೆ ಕಾರ್ಖಾನೇಲಿ?"

"ಇಪ್ಪತ್ತೇಳು."

"ಆದ್ರೂ ಕುದುರೆ ಕೂದಲು ಗುರುತು ಸಿಗಲಿಲ್ಲ?"

ವರ್ನಾ ಬಾಯಿಯ ಮೇಲೆ ಕೈಯಿಟ್ಟಳು. ಸೇರಿದ ಮೊದಲ ವರ್ಷ, ಹತ್ತಿಗೆ ಬದಲಾಗುವ ಮುಂಚೆ, ಅವಳೇ ನೂರಾರು ದಿಂಬುಗಳಿಗೆ ಕುದುರೆಗೂದಲು ತುಂಬಿದ್ದಳು. ರಾಯ್ಸ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಕರಿಗೂದಲ ನಾವಿಕ!"

"ಅವಳ ಹೆಸರು ಬೆಸ್," ಎಂದು ಓರಿನ್ ಹೇಳಿದ. "ದೋಣಿಕಟ್ಟೆಯಲ್ಲಿ ಗಾಡಿ ಎಳೀತಿದ್ದ ಹೆಣ್ಣು ಕುದುರೆ. ದೊಡ್ಡ ನೆರೆ ಬಂದ ವರ್ಷ ನಮ್ಮ ತಾತನಿಗೆ ಎಂಟು ವರ್ಷ. ಅವನನ್ನೂ ಅವನ ಇಬ್ಬರು ತಂಗಿಯರನ್ನೂ ಬೆನ್ನ ಮೇಲೆ ಹಾಕಿ, ಟ್ಯಾಬಿತಾ ಜೂಲು ಹಿಡ್ಕೊಂಡ್ಲಂತೆ. ಗುಡ್ಡದವರೆಗೂ ಈಜಿತು ಅದು. ಎರಡು ದಿನ ಬಿಟ್ಟು ಸತ್ತೋಯ್ತು. ಮುತ್ತಜ್ಜಿ ಈ ಮಾಲೆ ಹೆಣೆದಾಗ ಬೆಸ್‌ನ ನಡುವೆ ಕೂರಿಸಿದ್ಲು."

"ಮತ್ತೆ ಹೆಸರು ಯಾಕೆ ಅಳಿಸಿದ್ರು?"

"ಪಾದ್ರಿ ಬಂದಿದ್ದನಂತೆ ಮನೆಗೆ. ದೀಕ್ಷಾಸ್ನಾನ ಆದ ಕ್ರೈಸ್ತರ ಸಾಲಲ್ಲಿ ಪ್ರಾಣಿನಾ ಅಂತ ಬೈದ. ಮುತ್ತಜ್ಜಿ ಅವನ ಎದುರಿಗೇ ಹೆಸರು ಉಜ್ಜಿದ್ಲು. ಹೂವು ಕೀಳು ಅಂದಾಗ, ಪಾದ್ರಿಗಳೇ ಟೀ ಕುಡೀರಿ, ಆರಿಹೋಗುತ್ತೆ ಅಂದ್ಲಂತೆ."

ವರ್ನಾ ಆ ಕಪ್ಪು ಹೂವನ್ನು ಹೊಸದಾಗಿ ನೋಡಿದಳು. ಹೆದರಿಕೆ ಹುಟ್ಟಿಸುವಂಥದ್ದು ಅದರಲ್ಲಿ ಈಗ ಏನೂ ಇರಲಿಲ್ಲ. ಆದರೂ ಮೈ ಜುಮ್ಮೆಂದಿತು.

ಓರಿನ್ ಹೊರಡುವ ಸೂಚನೆ ತೋರಲಿಲ್ಲ. ರಾಯ್ಸ್ ಅವನಿಗೆ ಬಟ್ಟಲು ತುಂಬ ಮಾಂಸದ ಸಾರು ಕೊಟ್ಟ, ಜೊತೆಗೆ ಮೆಕ್ಕೆಜೋಳದ ರೊಟ್ಟಿ. ಐದೂವರೆಗೆ ಮಕ್ಕಳ ಸಾಲು ಶುರುವಾದಾಗ ಅವನು ಚೌಕಟ್ಟಿನ ಕೆಳಗಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಬಾವಲಿಯ ವೇಷದ ಹುಡುಗಿಯೊಬ್ಬಳು ಅವನನ್ನು ಕಂಡು ಹೊಸ್ತಿಲಲ್ಲೇ ನಿಂತಳು.

"ತಾತಾ, ನೀವು ನಿಜವಾದ ದೆವ್ವಾನಾ?"

"ಇನ್ನೂ ಇಲ್ಲಮ್ಮ. ಅರ್ಜಿ ಹಾಕಿದ್ದೀನಿ," ಎಂದ ಓರಿನ್. "ಬಾ ಇಲ್ಲಿ, ಒಂದು ಕುದುರೆ ತೋರಿಸ್ತೀನಿ."

ಎಂಟು ಗಂಟೆಯವರೆಗೆ ಅವನು ಅದೇ ಕಥೆಯನ್ನು ಮೂವತ್ತು ಸಲವಾದರೂ ಹೇಳಿರಬೇಕು. ಸಲ ಸಲಕ್ಕೂ ನೀರು ಒಂದು ಅಡಿ ಏರುತ್ತಿತ್ತು. ಮಿಠಾಯಿ ಮರೆತು ಹೋದ ಮಕ್ಕಳನ್ನು ವರ್ನಾ ಕೂಗಿ ಕರೆದು ಕೊಡಬೇಕಾಯಿತು.

ಮರುವಾರ ಚೌಕಟ್ಟು ಕ್ಷೌರದಂಗಡಿಗೆ ಹೋಯಿತು, ಅಕ್ಟೋಬರಿನಲ್ಲಿ ಮಾತ್ರ ವರ್ನಾಳ ಹಜಾರಕ್ಕೆ ಬರಬೇಕೆಂಬ ಮಾತಿನ ಮೇಲೆ. ಪಟ್ಟಿಯ ಒಂಬತ್ತರ ಮುಂದೆ ಓರಿನ್ ಶಾಯಿಯಲ್ಲಿ ಹೆಸರು ಬರೆದ. ಆದರೆ ವರ್ನಾಳ ತಲೆಯೊಳಗೆ ಅಷ್ಟರಲ್ಲೇ ಬೇರೊಂದು ಹುಳ ಹೊಕ್ಕಿತ್ತು: ಟ್ಯಾಬಿತಾ ಇದನ್ನು ಹೆಣೆದದ್ದು ಹೇಗೆ? ತಂತಿಗೆ ಎಳೆ ಸುತ್ತಿದಳೋ, ಎಳೆಗೆ ತಂತಿ ಸುತ್ತಿದಳೋ? ತಾನೇ ಹೆಣೆದು ನೋಡಲು ಕೂತಳು. ಬಾಚಣಿಗೆಯಲ್ಲಿ ಸಿಕ್ಕ ರಾಯ್ಸನ ಕೂದಲು ಎರಡೇ ದಿನದಲ್ಲಿ ಮುಗಿಯಿತು. ಆಮೇಲೆ ಓರಿನ್ ಅಂಗಡಿ ಗುಡಿಸಿದ್ದನ್ನು ಬಣ್ಣಬಣ್ಣವಾಗಿ ಬೇರೆ ಮಾಡಿ, ಕಾಗದದ ಪೊಟ್ಟಣ ಕಟ್ಟಿ, ಮೇಲೆ ಗಿರಾಕಿಯ ಹೆಸರು ಬರೆದು ಕಳಿಸತೊಡಗಿದ. ತುಂಡುಗಳೆಲ್ಲ ಗಿಡ್ಡ, ಹಿಡಿತಕ್ಕೆ ಸಿಗುತ್ತಿರಲಿಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಎರಡು ದಿನವಿರುವಾಗ ಅವಳ ಮೊದಲ ಹೂವು ಮುಗಿಯಿತು.

ರಾಯ್ಸ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಕೋಸುಗಡ್ಡೆ ಥರ ಇದೆ ಕಣೇ. ಯಾರ್ದಿದು?"

"ಅಂಚೆಯವನದ್ದು," ಎಂದಳು ವರ್ನಾ. ಅದನ್ನು ಇಸಕೊಂಡು ಮತ್ತೆ ಬಿಚ್ಚತೊಡಗಿದಳು.