ಎರಡನೇ ಚರಣದ ಆ ದನಿ

ವನಜಾಳಿಗೆ ನಾನು ಸುಳ್ಳು ಹೇಳಿದೆ. ಅರವತ್ತರ ದಶಕದಲ್ಲಿ ಹೇಳಿದ ಆ ಸುಳ್ಳಿಗೆ ಆಕೆ ಮೊನ್ನೆಯವರೆಗೂ ನನಗೆ ಕೃತಜ್ಞಳಾಗಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಇಲ್ಲದಿದ್ದರೆ ಸುತ್ತಿ ಬಳಸಿ ಮಾತನ್ನು ನನ್ನ ಕಡೆಗೇ ತಿರುಗಿಸಿಕೊಂಡೇನು. ಬದುಕಿಡೀ ಮಾಡಿದ್ದು ಅದೇ ಕೆಲಸ.

ಆ ಹಾಡು ನಿಮಗೆ ಗೊತ್ತು. ಗಿಟಾರು, ಬೊಂಗೋ ಇಟ್ಟುಕೊಂಡು ಮದರಾಸಿನ ಕೋಡಂಬಾಕ್ಕಂನಲ್ಲಿ ಧ್ವನಿಮುದ್ರಿಸಿದ ಕನ್ನಡ ಸಿನಿಮಾ ಹಾಡು. ಇವತ್ತಿಗೂ ಮದುವೆ ಮನೆಗಳಲ್ಲಿ ಹಾಕುತ್ತಾರೆ. ಎರಡನೇ ಚರಣದ ಕೊನೆಯಲ್ಲಿ ಒಂದು ದನಿ ಕರೆದಂತೆ, ಇನ್ನೊಂದು ದೂರದಿಂದ ಓಗೊಟ್ಟಂತೆ ಕೇಳುತ್ತದಲ್ಲ — ಅದು ಸಂಗೀತ ನಿರ್ದೇಶಕರ ಪ್ರತಿಭೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತ ಬಂದೆ.

ನಾನು ಉಡುಪಿ ಕಡೆಯವನು. ರಾಯಪುರಂನ ಹೋಟೆಲೊಂದರಲ್ಲಿ ಟೇಬಲ್ ಒರೆಸಿದವನು. ಬಾಯಿಯನ್ನೇ ಬಂಡವಾಳ ಮಾಡಿಕೊಂಡು, ರೆಕಾರ್ಡಿಂಗ್‌ಗಳಿಗೆ ಕೋರಸ್ ಹುಡುಗಿಯರನ್ನು ಒದಗಿಸುವ ಏಜೆಂಟನಾದೆ. ವನಜಾ ಅದೇ ಹೋಟೆಲಿನ ಅಡುಗೆ ಭಟ್ಟರ ಮಗಳು. ನನ್ನ ತಂಡವನ್ನು ಜನ ಕೇಳಿ ಕರೆಸುತ್ತಿದ್ದದ್ದು ಅವಳೊಬ್ಬಳಿಂದಾಗಿ. ಅದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಾಗದಂತೆ ನೋಡಿಕೊಂಡಿದ್ದೆ.

ಆಗೆಲ್ಲ ಹಾಡು, ವಾದ್ಯ, ಕೋರಸ್ ಎಲ್ಲವೂ ಒಂದೇ ಉಸಿರಿಗೆ ಮುದ್ರಣವಾಗಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಮರದ ಪರದೆಯ ಹಿಂದೆ ನಿಂತ ಕೋರಸ್‌ನವರು ತಮ್ಮ ಸಾಲಿನ ಹೊರಗೆ ಬಾಯಿ ತೆರೆಯುವ ಹಾಗೇ ಇಲ್ಲ. ಅವತ್ತು ಮುಖ್ಯ ಗಾಯಕಿಗೆ ನೆಗಡಿ. ಟೇಕ್ ಮೇಲೆ ಟೇಕ್ ಕೆಟ್ಟು ಎಲ್ಲರೂ ಸೋತಿದ್ದೆವು. ಕೊನೆಗೊಂದು ಟೇಕ್ ಚೆನ್ನಾಗಿ ಬರುತ್ತಿತ್ತು — ಎರಡನೇ ಚರಣದ ನೀಳ ಆಲಾಪದಲ್ಲಿ ಆಕೆಯ ಉಸಿರು ಕಟ್ಟಿತು. ಆ ಕ್ಷಣಕ್ಕೇ ಪರದೆಯ ಹಿಂದಿನಿಂದ ವನಜಾ ಸ್ವರ ಹಿಡಿದಳು, ಕೊನೆಯವರೆಗೂ ಎಳೆದಳು, ಬಿಟ್ಟಳು. ಗಾಯಕಿ ಮುಂದಿನ ಸಾಲಿಗೆ ಸೇರಿಕೊಂಡರು. ಹಾಡು ಮುಗಿಯಿತು.

ಹೊರಗೆ ಬಂದ ವನಜಾ ನೇರ ನನ್ನ ಬಳಿಗೆ ಬಂದಳು.

"ನಾನೆಂತ ಮಾಡುದು ಅಣ್ಣಾ? ಅವ್ರ ಉಸಿರು ನಿಂತ್ಹೋಯ್ತು... ಬಾಯಿ ತನ್ನಷ್ಟಕ್ಕೇ ತೆರೀತು."

"ಏನಮ್ಮಾ ಸ್ಟಾರು, ನಾಳೆಯಿಂದ ನಿಂಗೆ ಕಾರ್ ಕಳಿಸ್ತಾರಾ?" ಎಂದು ಜೊತೆಯವಳೊಬ್ಬಳು ಚುಚ್ಚಿದಳು.

ಒಳಗೆ ಟೇಪು ಕೇಳಿದ ಸಂಗೀತ ನಿರ್ದೇಶಕರು ನನ್ನನ್ನು ಕರೆದರು. "ಇದೇ ಟೇಕ್ ಇರ್ಲಿ. ಹಿಂದಿನಿಂದ ಹಿಡಿದಿದ್ದು ಯಾರಯ್ಯಾ? ನಾಳೆ ಕರ್ಕೊಂಡ್ ಬಾ. ಅವಳಿಗೆ ಒಂದು ಹಾಡು ಕೊಡ್ಬೇಕು."

ನಾನು ಯೋಚಿಸಲೂ ಇಲ್ಲ. ಲಾಭ ನಷ್ಟ ನನ್ನ ತಲೆಯಲ್ಲಿ ತಾನಾಗಿಯೇ ಕೂಡಿ ಕಳೆದುಕೊಳ್ಳುತ್ತದೆ. ಅವಳು ಮುಂದೆ ಹೋದರೆ ನನ್ನ ತಂಡದಲ್ಲಿ ಉಳಿಯುವುದೇನು? "ಅಯ್ಯೋ ಸಾರ್, ಆ ಹುಡುಗಿಗೆ ಮದುವೆ ಗೊತ್ತಾಗಿದೆ. ನಾಳೆನೇ ಊರಿಗೆ ಹೊರಟ್ಳು" ಎಂದೆ. ಪರದೆಯ ಹಿಂದಿನ ಮುಖಗಳು ಅವರಿಗೆ ಗುರುತಿರಲಿಲ್ಲ.

ಹೊರಗೆ ಬಂದು ಅವಳಿಗೆ ಹೇಳಿದೆ: "ಸಾರ್ ಕೆಂಡ ಆಗಿದ್ದಾರೆ. ನಿನ್ನ ತೆಗೀಬೇಕು ಅಂದ್ರು. ಕೈ ಕಾಲು ಹಿಡಿದು ಉಳಿಸಿದ್ದೇನೆ. ಇನ್ನು ನಿನ್ನ ದನಿ ಉಳಿದವರ ದನಿಗಿಂತ ಮೇಲೆ ಕೇಳ್ಬಾರ್ದು, ತಿಳೀತಾ?"

ಆ ದನಿ ಮತ್ತೆ ಮೇಲೆ ಕೇಳಲೇ ಇಲ್ಲ. ಕೊನೆಯವರೆಗೂ ಆಕೆ ಇತರರ ದನಿಯೊಳಗೆ ಅಡಗಿಯೇ ಹಾಡಿದಳು.

ನೀವು ಕೇಳದಿದ್ದರೂ ಒಂದು ಬುದ್ಧಿವಾದ ಹೇಳುತ್ತೇನೆ. ಯಾರಾದರೂ ನಿಮಗೆ 'ನಿನ್ನನ್ನು ಉಳಿಸಿದೆ' ಎಂದರೆ, ಯಾರಿಂದ ಉಳಿಸಿದನೋ ಅವರ ಬಳಿಗೇ ನೇರವಾಗಿ ಹೋಗಿ ಕೇಳಿ. ನಡುವೆ ನನ್ನಂಥವನನ್ನು ನಿಲ್ಲಿಸಿಕೊಳ್ಳಬೇಡಿ.

ಹೋದ ತಿಂಗಳು ಹಳೆಯ ಹಾಡುಗಳ ಹಿಂದಿನ ಕತೆ ಕೇಳಿಕೊಂಡು ಪಾಡ್‌ಕಾಸ್ಟ್ ಮಾಡುವವನೊಬ್ಬ ನನ್ನ ಮನೆಗೆ ಬಂದಿದ್ದ. ವನಜಾಳೂ ಬೆಸೆಂಟ್ ನಗರದಿಂದ ಬಂದಳು. ಮೈಕಿನ ಮುಂದೆ ಆಕೆ ಹೇಳಿದಳು: "ಇವರಿಲ್ದಿದ್ರೆ ಅವತ್ತೇ ನನ್ನ ಕೆಲ್ಸ ಹೋಗ್ತಿತ್ತು." ನಾನು ತಲೆಯಾಡಿಸಿದೆ. ಹೊರಡುವಾಗ ಮಂಡಿ ನೋವಿನಲ್ಲೂ ನನ್ನ ಕಾಲಿಗೆ ನಮಸ್ಕರಿಸಲು ಬಗ್ಗಿದಳು. ಹಿಂದಕ್ಕೆ ಸರಿಯಬೇಕಿತ್ತು. ಸರಿಯಲಿಲ್ಲ. ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ — ಹಲ್ಲು ಕೀಳುವ ಮುಂಚೆ ಮರಗಟ್ಟಿಸಿದ ದವಡೆಯ ಹಾಗೆ, ಮುಟ್ಟಿದ್ದು ತಿಳಿಯುತ್ತದೆ, ಅಷ್ಟೇ.

ಆದರೂ ಮರುವಾರ ಆಕೆಯ ಮನೆಗೆ ಹೋದೆ. ಹೇಳಿದೆ, ಇಲ್ಲಿ ನಿಮಗೆ ಹೇಳಿದಷ್ಟನ್ನೇ. ಪಾಡ್‌ಕಾಸ್ಟ್‌ನವನಿಗೆ ಮತ್ತೆ ಬರಲು ತಿಳಿಸಿದ್ದೇನೆ, ಅವನಿಗೂ ಇದನ್ನೇ ಹೇಳುತ್ತೇನೆ ಎಂದೆ.

"ಯಾವ ಹಾಡು?" ಎಂದು ಮಾತ್ರ ಕೇಳಿದಳು. "ಅವ್ರು ನಂಗೆ ಕೊಡ್ಬೇಕು ಅಂದದ್ದು?"

ಹೇಳಿದೆ. ಮುಂದಿನ ಚಿತ್ರದ ಜೋಗುಳ. ಬೇರೊಬ್ಬರು ಹಾಡಿದರು.

"ಅದ್ರಲ್ಲಿ ನಾನು ಹಿಂದೆ ನಿಂತಿದ್ದೆ, ಅಲ್ದಾ?"

"ಹೌದು. ನಾನೇ ನಿಲ್ಸಿದ್ದು."

ಮೊಮ್ಮಗಳು ಬಾಗಿಲಿಗೆ ಬಂದು ತಮಿಳಿನಲ್ಲಿ ಏನಾಯಿತೆಂದು ಕೇಳಿದಳು. "ಒಣ್ಣುಮಿಲ್ಲೆ. ತಾತಾವುಕ್ಕು ಆಟೋ ಕೂಪ್ಪಿಡು" ಎಂದಳು ವನಜಾ — ಏನಿಲ್ಲ, ತಾತನಿಗೆ ಆಟೋ ಕರಿ.

ಆಟೋ ಬರುವವರೆಗೂ ಎದುರುಬದುರು ಕೂತಿದ್ದೆವು. ಆಕೆ ಬಯ್ಯಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಜೋಗುಳದ ಮೊದಲ ಸಾಲು ಅದು, ಕೋರಸ್‌ನವರ ಪಾಲಿಗೆ ಬರದ ಸಾಲು. ದನಿ ಹೊರಡಲಿಲ್ಲ.