ಎರಡು ವರ್ಷದ್ದೋ, ನಾಲ್ಕು ವರ್ಷದ್ದೋ

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು. ತಂಗಿ ಮಾತ್ರ ಮ್ಯಾಟ್ರಿಕ್ ಪಾಸಾದಳು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಅಷ್ಟು ಓದಿದ ಹುಡುಗಿ ಬೇರೆ ಇರಲಿಲ್ಲ. ನರ್ಸ್ ಆಗುತ್ತೇನೆ ಅಂದಳು. ಅಪ್ಪ ತೀರಿಹೋಗಿದ್ದ, ಅವ್ವ ಹುಬ್ಬಳ್ಳಿ ನೋಡಿದವಳಲ್ಲ. ಹಾಗಾಗಿ ಅಲ್ಲಿಯ ನರ್ಸಿಂಗ್ ಶಾಲೆ ನೋಡಿ ಆರಿಸಿ ಅವಳನ್ನು ಬಿಟ್ಟು ಬರಲು ನಾನು ಮತ್ತು ಸೋದರಮಾವ ಟ್ರಂಕು ಹೊತ್ತು ಹೊರಟೆವು.

ಮಾವ ಬಂದದ್ದಕ್ಕೆ ಕಾರಣವಿತ್ತು. ತಂಗಿ ತೊಟ್ಟಿಲಲ್ಲಿದ್ದಾಗಲೇ ಅವಳು ಇವನಿಗೆ ಎಂದು ಅವ್ವ ತನ್ನ ತಮ್ಮನಿಗೆ ಮಾತು ಕೊಟ್ಟಿದ್ದಳು. ಅಪ್ಪ ಹೋದ ಮೇಲೆ ನಮ್ಮ ಮಗ್ಗಕ್ಕೆ ನೂಲು ತಂದು ಹಾಕುತ್ತಿದ್ದವನೂ ಅವನೇ. ಕೆಟ್ಟವನಲ್ಲ. ಆದರೆ ಅವನೆದುರು ತಂಗಿ ಬಾಯಿ ಬಿಡುತ್ತಿರಲಿಲ್ಲ. ಗಂಡನಾಗುವವನ ಮುಂದೆ ನಮ್ಮ ಹುಡುಗಿಯರು ಮಾತಾಡುವುದಿಲ್ಲ.

ರೋಣದಲ್ಲಿ ಬಸ್ ಬದಲಿಸಿದೆವು. ನರಗುಂದದಲ್ಲಿ ಬಸ್ ನಿಂತಾಗ ಮಾವ ಪೇಟೆಗೆ ಹೋಗಿ ಅಕ್ಕಿ, ತೆಂಗಿನಕಾಯಿ, ಖಣ, ಎಲೆ ಅಡಿಕೆ ತಂದ.

"ಇದ್ಯಾಕ ಮಾವ?"

"ಉಡಿ ತುಂಬಾಕ. ಹುಡುಗಿನ್ನ ಶಹರದಾಗ ಬಿಟ್ಟ ಬರ್ತೀವಿ. ಲಗ್ನ ಗಟ್ಟಿ ಮಾಡೇ ಬಿಡೂದು ಚಲೋ."

"ಸಾಲ್ಯಾಗ?"

"ಯಾಕ, ಸಾಲ್ಯಾಗ ಮುತ್ತೈದೇರು ಇರೂದಿಲ್ಲೇನ?"

ಗಂಡಿನ ಕಡೆಯವರು ಸೆರಗಿಗೆ ಅಕ್ಕಿ ಕಾಯಿ ಹಾಕಿ ಉಡಿ ತುಂಬಿಸಿದರೆ ಮುಗಿಯಿತು, ಹುಡುಗಿ ಆ ಮನೆಯವಳು. ತಂಗಿ ಕಿಟಕಿಯಾಚೆ ಗುಡ್ಡ ನೋಡುತ್ತ ಕೂತಿದ್ದಳು. ಕೇಳಿಸಿಕೊಂಡಿದ್ದಳು. ಕಿವಿ ಕೆಂಪಾಗಿತ್ತು.

ಹುಬ್ಬಳ್ಳಿಯಲ್ಲಿ ಮೊದಲು ನೋಡಿದ್ದು ಎರಡು ವರ್ಷದ ಶಾಲೆ. ಹೆರಿಗೆ ಮಾಡಿಸುವುದು, ಹಳ್ಳಿ ತಿರುಗುವುದು ಕಲಿಸುತ್ತಾರೆ. "ಲಗ್ನ ಆದವ್ರನ್ನೂ ತೊಗೋತೀವ್ರಿ" ಎಂದಳು ಅಲ್ಲಿಯ ಟೀಚರ್ ಬಾಯಿ. ಮಾವನ ಮುಖ ಅರಳಿತು, ಕೈ ಚೀಲದೊಳಗೆ ಹೋಯಿತು.

"ಇನ್ನೊಂದೂ ನೋಡೂಣು, ನಾಲ್ಕ ವರ್ಷದ್ದು" ಅಂದೆ. "ಸೀರಿ ಕೊಳ್ಳಾಕ ಬಂದವ್ರೂ ಎರಡ ಅಂಗಡಿ ಹತ್ತತಾರ."

"ನಿನಗ ನೇಯೂದ ಗೊತ್ತು, ಕೊಳ್ಳೂದಲ್ಲ" ಎಂದು ಮಾವ ಮುಂದೆ ಮುಂದೆ ನಡೆದ.

ತಂಗಿ ನನ್ನ ಪಕ್ಕಕ್ಕೆ ಬಂದಳು. "ಅಣ್ಣಾ, ನನಗ ನಾಲ್ಕ ವರ್ಷದ್ದ ಬೇಕು. ಇದ್ರಾಗ ಬರೇ ಹೆರಿಗಿ. ನಾ ದೊಡ್ಡ ದವಾಖಾನ್ಯಾಗ, ಆಪರೇಶನ್ ಖೋಲ್ಯಾಗ ನಿಂದ್ರಬೇಕು."

"ಮಾವಗ ಹೇಳು."

"ನಾ ಹ್ಯಾಂಗ ಹೇಳ್ಲಿ?"

ಎರಡನೆಯದು ದೊಡ್ಡ ದವಾಖಾನೆಗೇ ಸೇರಿದ ಶಾಲೆ. ಅಲ್ಲಿಯ ಮುಖ್ಯ ನರ್ಸ್ ಬಾಯಿ ಬಿಳಿ ಸೀರೆಯ ಎತ್ತರದ ಹೆಂಗಸು. ಕೂತುಕೊಳ್ಳಿ ಅಂತಲೂ ಅನ್ನಲಿಲ್ಲ.

"ನಾಲ್ಕ ವರ್ಷ. ಮುಗಿಯೂತನಾ ಲಗ್ನ ಇಲ್ಲ. ಗಟ್ಟಿ ಆದವ್ರನ್ನೂ ತೊಗೊಳ್ಳೂದಿಲ್ಲ, ನಡುವ ಎಬ್ಬಿಸ್ಕೊಂಡ ಹೋಗ್ತಾರ. ಒಂದ ಜಾಗಾ ಐತಿ. ಹೊರಗ ಇನ್ನೊಬ್ಬಾಕಿ ಕುಂತಾಳ. ಈಗ ಹೇಳ್ರಿ."

ಮಾವ ಚೀಲ ಬಿಚ್ಚಿದ. ಪಡಸಾಲೆಯಲ್ಲಿ ಕಸ ಹೊಡೆಯುತ್ತಿದ್ದ, ಹಣೆ ತುಂಬ ಕುಂಕುಮವಿದ್ದ ಆಯಾಳನ್ನು ಕರೆದ. "ಬಾರವ್ವ ತಂಗಿ, ಈ ಹುಡುಗಿ ಉಡಿ ತುಂಬು."

ಉಡಿ ತುಂಬು ಅಂದರೆ ಯಾವ ಮುತ್ತೈದೆ ಒಲ್ಲೆ ಅಂತಾಳೆ? ಕೈ ತೊಳೆದು ಬಂದಳು. ಬೊಗಸೆ ತುಂಬ ಅಕ್ಕಿ ಹಿಡಿದು, "ಸೆರಗ ಒಡ್ಡವ್ವ" ಅಂದಳು.

ತಂಗಿ ಸೆರಗು ಕೈಗೆ ತೆಗೆದುಕೊಂಡಳು. ಅವಳು ಅದನ್ನು ಒಡ್ಡಲಿಲ್ಲ. ಸುತ್ತಿ, ಕೆಲಸಕ್ಕೆ ನಿಂತವಳ ಹಾಗೆ ನಡುವಿಗೆ ಬಿಗಿಯಾಗಿ ಸಿಗಿಸಿದಳು.

ಆಯಾಳ ಬೊಗಸೆ ಹಾಗೇ ನಿಂತಿತು. "ಉಡಿ ಒಲ್ಲೆ ಅನಬಾರ್ದವ್ವ" ಅಂದಳು, ಹೆದರಿ.

"ಅಕಿಗೆ ಹೇಳು" ಎಂದ ಮಾವ, ನನ್ನ ಕಡೆ ನೋಡಿ. "ಮನಿ ಗಂಡಸ ನೀನಲ್ಲೇನ?"

ತಂಗಿ ನೆಲ ನೋಡುತ್ತಿದ್ದಳು. ನರ್ಸ್ ಬಾಯಿ ನನ್ನನ್ನೇ ನೋಡುತ್ತಿದ್ದಳು. ಹೇಳಬೇಕಾದವನು ನಾನೇ.

"ಗಟ್ಟಿ ಆಗಿಲ್ರಿ ಬಾಯಾರ" ಅಂದೆ. "ನಾಲ್ಕ ವರ್ಷದ್ದಕ್ಕ ತೊಗೊಳ್ರಿ."

ಮಾವ ನನ್ನ ಕಡೆ ತಿರುಗಿದ. "ನಾಳಿಂದ ನೂಲ ಯಾರ ತರ್ತಾರ?"

"ನಾ ತರ್ತೀನಿ."

"ಕೊಡ್ತಾರ ಉದ್ರಿ, ನಿನ್ನ ಮುಖಾ ನೋಡಿ" ಅಂದ. ಚೀಲ ಅಲ್ಲೇ ಬಿಟ್ಟು ಹೊರಗೆ ನಡೆದ. ತಂಗಿ ಬಗ್ಗಿ ಟ್ರಂಕು ಎತ್ತಿದಳು. ನಾನು ಎತ್ತಲು ಹೋದರೆ ಬಿಡಲಿಲ್ಲ.

ವಾಪಸು ಬಸ್ಸಿನಲ್ಲಿ ಮಾವ ಮುಂದೆ ಕೂತ, ನಾನು ಹಿಂದೆ. ರೋಣದಲ್ಲಿ ಇಳಿದವನು ನನಗಾಗಿ ಕಾಯಲಿಲ್ಲ.

ಅವ್ವ ಬಾಗಿಲಲ್ಲಿ ನಿಂತಿದ್ದಳು. ನನ್ನ ಹಿಂದೆ ಓಣಿ ನೋಡಿ, "ನಿಮ್ಮ ಮಾವ ಎಲ್ಲಿ?" ಅಂದಳು. ನಡೆದದ್ದು ಹೇಳಿದೆ. ಒಳಗೆ ಹೋದಳು. ಆ ಹೊತ್ತು ಒಲೆ ಹಚ್ಚಲಿಲ್ಲ.

ಬೆಳಿಗ್ಗೆ ನೂಲು ಕೇಳಲು ಪೇಟೆಗೆ ಹೊರಟೆ. ಹೊಸ್ತಿಲು ದಾಟಿದ್ದೆ, ಆಗ ಅವ್ವ ಒಳಗಿನಿಂದಲೇ ಕೇಳಿದಳು: "ಅಲ್ಲೆ ಅಕಿಗೆ ಹೊದಿಯಾಕ ಏನರ ಕೊಟ್ಟಾರೇನ?"